ಕೋಳಿ ದೊಡ್ಡಮ್ಮನ ಕೈಗುಣ

ಆ ರಸ್ತೆಯಲ್ಲಿ ಬ್ರಾಯ್ಲರ್ ಸಾಕುವವರು ಎಷ್ಟೇ ಜನರಿರಲಿ, ಕೋಳಿ ದೊಡ್ಡಮ್ಮ ಎಂದರೆ ಒಬ್ಬರೇ. ಮರಿಗಳಿಗೆ ನೀರಿಡದೆ ತಾವು ಒಂದು ಗುಟುಕು ಕುಡಿದವರಲ್ಲ. ಗಂಡನಿಗೆ ಬೈಯುವ ಮಾತುಗಳಲ್ಲೇ ಕೋಳಿಗಳನ್ನೂ ಬೈಯುತ್ತಿದ್ದರು. ಕೋಳಿಗಳಿಗೆ ಸ್ವಲ್ಪ ಮೆತ್ತಗೆ, ಅಷ್ಟೆ. ಅವರ ಕೈಗುಣವನ್ನು ಯಾರಾದರೂ ಹೊಗಳಿದರೆ ‘ಬಿಡಿ ಬಿಡಿ’ ಎನ್ನುತ್ತಲೇ ಇನ್ನೊಮ್ಮೆ ಕೇಳಲು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಆ ಕೈಗುಣವನ್ನು ನಂಬಿಯೇ ಅವರ ತಂಗಿ ಈ ವರ್ಷ ಕೆಲಸ ಬಿಟ್ಟು ಪಕ್ಕದ ಊರಿನಲ್ಲಿ ಶೆಡ್ಡು ಹಾಕಿದ್ದಳು.

ಈ ಸಲದ ಬೇಸಿಗೆ ಮಾತ್ರ ವಿಪರೀತ. ಕೋಳಿಗಳು ಮೇವು ಮುಟ್ಟದೆ, ರೆಕ್ಕೆ ಅಗಲಿಸಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ನೋಡಲಾಗದೆ ದೊಡ್ಡಮ್ಮ ಮಧ್ಯಾಹ್ನ ಪೈಪು ಹಿಡಿದು, ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆಲ್ಲ ನೀರು ಹೊಡೆದರು. ತಣ್ಣನೆಯ ಹೊಟ್ಟಿನಲ್ಲಿ ಅವು ಎದೆಯೂರಿ ಕೂತದ್ದನ್ನು ಕಂಡು ಜೀವಕ್ಕೆ ಹಾಯೆನಿಸಿತು. ಅದೇ ದಿನಚರಿಯಾಯಿತು. ತಂಗಿಗೂ ಫೋನಿನಲ್ಲಿ ಹೇಳಿಕೊಟ್ಟರು.

ಆಮೇಲೆ ಕೋಳಿಗಳು ಸಾಯತೊಡಗಿದವು, ಅದೂ ಬೆಳಗಿನ ತಂಪಿನಲ್ಲಿ. ಹಿಕ್ಕೆಯಲ್ಲಿ ರಕ್ತ ಕಂಡು ದೊಡ್ಡಮ್ಮ ದನದ ಡಾಕ್ಟರನ್ನು ಕರೆಸಿದರು. ಡಾಕ್ಟರು ಬಂದು ಸತ್ತ ಕೋಳಿಯೊಂದನ್ನು ಕೊಯ್ದು ತೋರಿಸಿದರು. ಕರುಳು ಊದಿಕೊಂಡಿತ್ತು, ಒಳಗೆಲ್ಲ ರಕ್ತ.

“ಸೆಕೆಗೆ ಹೀಗಾಯ್ತಾ ಡಾಕ್ಟ್ರೇ?”

“ಅರ್ಧ ಸೆಕೆಗೆ. ಮೈ ತಂಪು ಮಾಡ್ಕೊಳ್ಳೋಕೆ ರಕ್ತ ಚರ್ಮದ ಕಡೆ ಓಡುತ್ತೆ, ಕರುಳು ಸೊರಗುತ್ತೆ. ಸೊರಗಿದ ಕರುಳಿಗೆ ರೋಗ ಬೇಗ ಹತ್ತುತ್ತೆ.” ಡಾಕ್ಟರು ಬಗ್ಗಿ ಒಂದು ಹಿಡಿ ಹೊಟ್ಟು ಹಿಂಡಿದರು. ಅದು ಉಂಡೆಯಾಗಿ ಅಂಗೈಯಲ್ಲೇ ಉಳಿಯಿತು. “ಇದ್ಯಾಕೆ ಇಷ್ಟು ಒದ್ದೆ?”

“ನಾನೇ ನೀರು ಹೊಡ್ದೆ. ತಣ್ಣಗಿರ್ಲಿ ಅಂತ.”

ಡಾಕ್ಟರು ಕೈ ಕೊಡವಿ ಛಾವಣಿಯ ಕಡೆ ತೋರಿಸಿದರು. “ಮೇಲಿನ ಶೀಟಿಗೆ ಹೊಡೀಬೇಕಿತ್ತು ದೊಡ್ಡಮ್ಮ. ಹಿಕ್ಕೆಯಲ್ಲಿರೋ ರೋಗ ಬಲಿಯೋದೇ ಒದ್ದೆ ಹೊಟ್ಟಲ್ಲಿ. ಕೋಳಿ ಅದನ್ನೇ ಕುಕ್ಕಿ ತಿನ್ನುತ್ತೆ. ಉಳಿದವಕ್ಕೆ ಔಷಧಿ ಕೊಡೋಣ, ಹೊಟ್ಟು ಇವತ್ತೇ ತೆಗೆಸಿ.”

ದೊಡ್ಡಮ್ಮನಿಗೆ ಸಿಡಿಲು ಬಡಿದಂತಾಯಿತು. ಸಾಕಿದ ಕೈಯೇ ಕೊಂದಿತಲ್ಲ ಎಂದು ಅಂಗೈಗಳನ್ನೇ ನೋಡುತ್ತ ನಿಂತರು. ಆಗ ತಂಗಿಯ ನೆನಪಾಯಿತು. ಅಲ್ಲೇ ನಿಂತು ಫೋನು ಮಾಡಿದರು.

“ಆ ಹೊಟ್ಟಿಗೆ ನೀರು ಹೊಡೆಯೋದು ಕಣೇ...”

ತಂಗಿ ಮಾತು ಮುಗಿಸಲು ಬಿಡಲಿಲ್ಲ. “ಬಿಡ್ತೀನಾ ಅಕ್ಕ? ನೀನು ಒಂದು ಹೊತ್ತು ಅಂದೆ, ನಾನು ಎರಡು ಹೊತ್ತೂ ಹೊಡೀತಿದ್ದೀನಿ. ಎಷ್ಟು ತಂಪಾಗಿದೆ ಗೊತ್ತಾ? ಮೂಲೇಲಿರೋವು ಆರಾಮಾಗಿ ಮಲಗಿಬಿಟ್ಟಿವೆ, ಬೆಳಗ್ಗೆಯಿಂದ ಎಬ್ಬಿಸಿದ್ರೂ ಏಳ್ತಿಲ್ಲ.”