ಉಪ್ಪುನೀರಿನ ಹುಳ, ಐದು ಹೊತ್ತಿನ ಊಟ

ಬಲಗೈ ತೋರುಬೆರಳು ಇನ್ನೂ ಚುರುಚುರು ಎನ್ನುತ್ತಿದೆ. ಮೊನ್ನೆ ಮೀನಿನ ತೊಟ್ಟಿಯಲ್ಲಿ ವಾಲಿದ್ದ ಕಲ್ಲೊಂದನ್ನು ಸರಿಮಾಡಲು ಬರಿಗೈ ಹಾಕಿದೆ. ತೆಗೆದಾಗ ಬೆರಳ ತುದಿಯ ತುಂಬ ಪಾಪಾಸುಕಳ್ಳಿ ಮುಟ್ಟಿದಂತೆ ಬಿಳಿಯ ಸಣ್ಣ ಮುಳ್ಳುಗಳು. ಅಂಟುವ ಟೇಪು ಒತ್ತಿ ಕಿತ್ತೆ. ಅರ್ಧ ಬಂದವು, ಅರ್ಧ ಒಳಗೇ ಉಳಿದವು. ಕಲ್ಲಿನಡಿ ಇದ್ದದ್ದು ಬ್ರಿಸಲ್ ವರ್ಮ್, ಮೈಯ ಎರಡೂ ಅಂಚಿಗೆ ಗಾಜಿನೆಳೆಯಂಥ ಕೂದಲಿರುವ ಸಮುದ್ರದ ಹುಳ. ಇಂಥ ಹುಳಗಳ ಬಗ್ಗೆ ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಕೈಗವಸು ಹಾಕಿಕೊಳ್ಳಬೇಕೆಂಬುದು ಮಾತ್ರ ಹೊಳೆಯಲಿಲ್ಲ. ನೀವು ನಗಬಹುದು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳೂ ನಾನೇ. ಇದನ್ನು ಜಂಬ ಅಂದುಕೊಂಡರೆ ಅಂದುಕೊಳ್ಳಿ, ಕಷ್ಟಪಟ್ಟು ಓದಿದ್ದೇನೆ. ಆದರೆ ಸಮುದ್ರವನ್ನು ನಾನು ಹೆಚ್ಚಾಗಿ ಕಂಡದ್ದು ಕಪ್ಪುಹಲಗೆಯ ಮೇಲೆ, ನಾನೇ ಬರೆದ ಚಿತ್ರಗಳಲ್ಲಿ. ನಿವೃತ್ತಿಯಾಗಿ, ಅಮ್ಮನೂ ತೀರಿಕೊಂಡ ಮೇಲೆ, ಪದ್ಮನಾಭನಗರದ ಈ ಮನೆಯಲ್ಲಿ ಅವಳ ಮಂಚವಿದ್ದ ಗೋಡೆಯ ಪಕ್ಕ ಉಪ್ಪುನೀರಿನ ತೊಟ್ಟಿ ಇರಿಸಿದೆ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಮೀನು. ಮೀನಿಗೆ ಹಾಕುವ ಕಾಳಿನ ಡಬ್ಬಿ ಅಲ್ಲಾಡಿಸಿದರೆ ಸಾಕು, ಗಾಜಿಗೆ ಮೂತಿ ಒತ್ತಿ ನಿಲ್ಲುತ್ತವೆ. ಎದುರುಮನೆಯ ಟ್ಯೂಷನ್ನಿಗೆ ಸಂಜೆ ಹತ್ತಾರು ಮಕ್ಕಳು ಬರುತ್ತಾರೆ. ನನ್ನ ಮನೆಯಲ್ಲಿ ನನ್ನ ಹತ್ತಿರ ಬರುವುದೆಂದರೆ ಈ ಎರಡು ಮೀನುಗಳೇ.

ಹುಳ ಹೆಚ್ಚಾಗಿದೆಯೆಂದು ನಿನ್ನೆ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಬನಶಂಕರಿಯ ಮೀನಂಗಡಿಗೆ ಹೋದೆ. ಅಂಗಡಿಯವನು ನೀರನ್ನು ಪರೀಕ್ಷಿಸುತ್ತ ಕೇಳಿದ.

“ಎಷ್ಟಿವೆ ಮೇಡಂ ಹುಳ?”

“ಎಣಿಸೋಕಾಗಲ್ಲಪ್ಪ. ಕಾಳು ಹಾಕಿದ್ರೆ ಹಗಲಲ್ಲೇ ಈಚೆಗೆ ಬರ್ತವೆ.”

“ದಿನಕ್ಕೆ ಎಷ್ಟ್ ಸಲ ಹಾಕ್ತೀರ?”

“ಐದು.”

“ಐದಾ! ಮನೇಲಿ ಎಷ್ಟ್ ಜನ ಇದೀರ? ಎಲ್ರೂ ಒಂದೊಂದ್ ಸಲ ಹಾಕ್ತಾರಾ?”

“ನಾನೊಬ್ಳೇ.”

ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ನಕ್ಕ. “ಇರೋದು ಎರಡ್ ಮೀನು. ನೀವು ಮದ್ವೆ ಮನೆ ಊಟ ಹಾಕ್ತಿದೀರಲ್ಲ ಮೇಡಂ!”

“ಹುಳ ಹಿಡಿಯೋ ಡಬ್ಬಿ ಇದ್ರೆ ಕೊಡಪ್ಪ, ತಮಾಷೆ ಸಾಕು.”

“ಕೊಡ್ತೀನಿ. ಹತ್ತು ಹಿಡಿದ್ರೆ ಇಪ್ಪತ್ತು ಬರ್ತವೆ. ಅವು ಮಿಕ್ಕಿದ್ದು ತಿನ್ನೋವು, ಅವುಗಳದ್ದೇನ್ ತಪ್ಪಿದೆ? ನೀರು ನೋಡಿ, ಆಗ್ಲೇ ಕೆಡ್ತಿದೆ. ಹಿಂಗೇ ಹಾಕ್ತಿದ್ರೆ ಮೊದ್ಲು ಹೋಗೋದು ನಿಮ್ ಮೀನೇ. ದಿನಕ್ಕೊಂದ್ಸಲ, ಒಂದ್ ಚಿಟಿಕೆ. ಸಾಕು.”

ಬಸ್ಸಿನಲ್ಲಿ ಕೂತಾಗ ಅಮ್ಮ ನೆನಪಾದಳು. ಅವಳು ಜಯನಗರದ ಹಾಸ್ಟೆಲ್ಲೊಂದರಲ್ಲಿ ಅಡುಗೆಯವಳು. ಆಗ ನಮ್ಮದು ಸಾರಕ್ಕಿಯಲ್ಲಿ ಒಂದೇ ಕೋಣೆಯ ಮನೆ. ಬಿ.ಎಸ್ಸಿ.ಯಲ್ಲಿ ಇದೇ ಜಾತಿಯ ಹುಳದ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಿದ್ದೆ, ಒಂದೊಂದು ಕೂದಲನ್ನೂ ಬಿಡದೆ. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಏನ್ ತಿಂತದವ್ವ ಅದು?”

“ಪರೀಕ್ಷೇಲಿ ಅದನ್ನೆಲ್ಲ ಕೇಳಲ್ಲ ಕಣಮ್ಮ.”

“ಮತ್ತಿನ್ನೇನ್ ಕೇಳ್ತಾರೆ?”

ನಾನು ಪುಸ್ತಕವನ್ನು ಆಚೆ ತಿರುಗಿಸಿಕೊಂಡೆ. ಓದಿದವಳೆಂಬ ಕೊಬ್ಬು ಆಗಲೇ ಹತ್ತಿತ್ತು. ಫಸ್ಟ್ ಕ್ಲಾಸ್ ಬಂದ ದಿನ ಓಡಿಬಂದು ಹೇಳಿದರೆ ಅಮ್ಮ, “ಹೌದಾ? ಕೈ ತೊಳ್ಕೊ ಬಾ” ಅಂದಳು. ಎಷ್ಟು ಬಂತು, ಮುಂದೇನು, ಒಂದೂ ಕೇಳಲಿಲ್ಲ. ತಟ್ಟೆಗೆ ಎರಡನೆಯ ಮುದ್ದೆ ಹಾಕಿದಳು, ಮೂರನೆಯದನ್ನೂ ತಂದಳು. “ಸಾಕು ಅಂದ್ನಲ್ಲ!” ಎಂದು ತಟ್ಟೆ ತಳ್ಳಿ ಎದ್ದೆ. ಅವಳು ಮುದ್ದೆ ಹಿಡಿದುಕೊಂಡೇ ನಿಂತಿದ್ದಳು. ನನ್ನ ಓದಿನ ಬಗ್ಗೆ ಏನು ಕೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬಡಿಸುತ್ತಿರುವಷ್ಟು ಹೊತ್ತು ಮಗಳು ಎದುರಿಗೆ ಕೂತಿರುತ್ತಾಳೆ ಎಂಬುದಷ್ಟೇ ಗೊತ್ತಿತ್ತು. ಇಷ್ಟು ಓದಿದ ನನಗೆ ಅದು ತಿಳಿಯಲು ಮೀನಂಗಡಿಯವನೊಬ್ಬ ಬೇಕಾಯಿತು.

ಇವತ್ತು ಬೆಳಿಗ್ಗೆ ಒಂದು ಚಿಟಿಕೆ ಹಾಕಿದೆ. ಕಾಳಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ, ಕುರ್ಚಿ ಹತ್ತಿಯೇ ತೆಗೆಯಬೇಕು ಹಾಗೆ. ಹನ್ನೊಂದಕ್ಕೆ ಎರಡೂ ಮೀನು ಗಾಜಿನ ಬಳಿ ಬಂದವು. ನಾನು ಅಡುಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕಿದೆ. ಮಧ್ಯಾಹ್ನ ಮತ್ತೆ ಬಂದವು, ನನ್ನ ಊಟದ ತಟ್ಟೆಯನ್ನು ಬೇರೆ ಕೋಣೆಗೆ ಒಯ್ದೆ. ಹೀಗೆ ತಪ್ಪಿಸಿಕೊಂಡು ಓಡಾಡುವುದು ನನಗೇ ನಾಚಿಕೆಯೆನಿಸಿ, ಮುಂದಿನ ಹೊತ್ತಿಗೆ ತೊಟ್ಟಿಯ ಎದುರು ಬಂದು ಕೂತೆ. ಮೂತಿ ಒತ್ತಿ ನಿಂತವು. ನನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದೆ.

“ಇವತ್ತಿಗೆ ಅಷ್ಟೇ ಕಣ್ರಪ್ಪ.”

ದನಿ ಗೊಗ್ಗರಾಗಿ ಬಂತು. ಬೆಳಿಗ್ಗೆಯಿಂದ ನಾನು ಆಡಿದ ಮೊದಲ ಮಾತು ಅದು. ಗಂಟೆ ನಾಲ್ಕಾಗಿತ್ತು.

ಮೀನುಗಳು ಸ್ವಲ್ಪ ಹೊತ್ತು ಕಾದು ಕಲ್ಲಿನ ಹಿಂದಕ್ಕೆ ಹೋದವು. ಕೊಡಲು ಏನೂ ಇಲ್ಲದೆ ನಾನು ಅಲ್ಲೇ ಕೂತೆ, ಏಳಲಿಲ್ಲ.