ಮುಳ್ಳು ಚುಚ್ಚಿತೆಂದ ಅತ್ತೆ

ಸತ್ತ ದನ ಎಳೆಯುವುದು ನಮ್ಮ ಕೇರಿಯ ಪಾಲಿನ ಕೆಲಸ. ನಾನು ಇಜೇರಿ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದ ವರ್ಷ, ಸತ್ತದ್ದರ ಬಾಡು ಇನ್ನು ತಿನ್ನಬಾರದೆಂದು ಕೇರಿಯವರೆಲ್ಲ ದೇವರ ಭಂಡಾರ ಮುಟ್ಟಿ ಆಣೆ ಮಾಡಿದ್ದರು. ತಪ್ಪಿದವರು ಕೇರಿಯಿಂದ ಹೊರಗೆ. ಎಲ್ಲರಿಗಿಂತ ಮೊದಲು ಮುಟ್ಟಿದವಳು ನಮ್ಮತ್ತೆ. ಮಾತಿನಲ್ಲಿ ಆಕೆ ಯಾವಾಗಲೂ ಮುಂದೆ.

ಅದೇ ಬೇಸಿಗೆಯಲ್ಲಿ ಗೌಡರ ಎತ್ತೊಂದು ನಿಂತಲ್ಲೇ ಬಿದ್ದು ಸತ್ತಿತು. ಮಧ್ಯಾಹ್ನ ದನದ ಡಾಕ್ಟರು ಬಂದು ಮೂಗಿನ ಕರಿ ನೆತ್ತರು ನೋಡಿದರು. ಇದು ನೆರಡಿ ಬೇನೆ, ಮುಟ್ಟಿದ ಮನುಷ್ಯರ ಜೀವವನ್ನೂ ತೆಗೆಯುತ್ತದೆ, ಸುಣ್ಣ ಸುರಿದು ಹಾಗೆಯೇ ಹೂಳಿರಿ ಎಂದರು. ಅಷ್ಟರಲ್ಲಿ ಯಾರೋ ತೊಡೆ ಕೊಯ್ದಿದ್ದರು. ಯಾರೆಂದು ಕೇಳಿದರೆ ಕೇರಿಗೆ ಕೇರಿಯೇ ಬಾಯಿ ಮುಚ್ಚಿಕೊಂಡಿತು.

ನನಗೆ ಗೊತ್ತಿತ್ತು, ಗಡಿಗೆ ನಮ್ಮ ಒಲೆಯ ಮೇಲೇ ಇತ್ತು. "ಕುದಿಸಿದ್ರ ಎಲ್ಲಾ ಹೋಗ್ತದ, ಸುಮ್ನ ಉಣ್ಣು," ಎಂದಳು ಅತ್ತೆ. ಉಂಡೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಅತ್ತೆಯ ಮುಂಗೈ ಮೇಲೆ ಗುಳ್ಳೆ ಎದ್ದು, ಒಡೆದು, ನಡುವೆ ಕಪ್ಪಾಯಿತು. ನೋವಿರಲಿಲ್ಲ, ಆದರೆ ಕೈ ಊದಿ ಜ್ವರ ಏರಿತು. ಬಂಡಿಯಲ್ಲಿ ಜೇವರ್ಗಿಯ ದವಾಖಾನೆಗೆ ಕರೆದೊಯ್ದೆ.

"ಜಾಲಿಮುಳ್ಳು ಚುಚ್ಚೇದ್ರಿ ಸಾಹೇಬ್ರ," ಎಂದಳು ಡಾಕ್ಟರಿಗೆ.

ಅವರು ನಂಬಿ ಮುಲಾಮು ತೆಗೆದರು. ನಾನು ನೆಲ ನೋಡುತ್ತ ನಿಂತೆ. ನನಗೆ ಅತ್ತೆಯ ಭಯವೂ ಇತ್ತು, ಕೇರಿಯ ಭಯವೂ ಇತ್ತು.

ದನದ ದವಾಖಾನೆ ಪಕ್ಕದಲ್ಲೇ, ನಡುವೆ ಒಂದು ಗೋಡೆ. ಆದರೂ ಇಬ್ಬರು ಡಾಕ್ಟರಿಗೂ ನಮಸ್ಕಾರದಾಚೆಗೆ ಮಾತಿರಲಿಲ್ಲ. ಅವತ್ತು ದನದ ಡಾಕ್ಟರು ಫಿನಾಯಿಲು ಕೇಳಲು ಬಂದವರು ಆ ಕೈ ನೋಡಿ ನಿಂತುಬಿಟ್ಟರು.

"ಯವ್ವಾ, ಆ ಎತ್ತು ಕೊಯ್ದಾಕಿ ನೀನೇನು?"

"ಅಲ್ರಿ. ಮುಳ್ಳು."

"ಹೌದ್ರಿ," ಎಂದೆ ನಾನು. "ಅತ್ತಿನೇ ಕೊಯ್ದಾರ. ನಾನೂ ತಿಂದೇನಿ."

ಮುಲಾಮು ಅಲ್ಲೇ ಉಳಿಯಿತು. ಒಬ್ಬ ಡಾಕ್ಟರು ಅತ್ತೆಗೆ ಸೂಜಿ ಹಾಕಿ ನನಗೂ ಗುಳಿಗೆ ಕೊಟ್ಟರು, ಇನ್ನೊಬ್ಬರು ನಮ್ಮ ಕೇರಿಗೆ ಹೋಗಿ ಮನೆಮನೆಯವರ ಕೈ ನೋಡಿದರು. ಇನ್ನೂ ಎರಡು ಮನೆಗಳಲ್ಲಿ ಮುಳ್ಳು ಚುಚ್ಚಿತ್ತು. ಹೊರಗೆ ಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಜ್ವರ ಇಳಿದ ಮೇಲೆ ಬಂಡಿಯಲ್ಲಿ ಊರಿಗೆ ಹೊರಟೆವು. ಅತ್ತೆ ನನಗೆ ಬೆನ್ನು ಮಾಡಿ ಕುಳಿತಿದ್ದಳು.

"ನಾಕ ಮಂದ್ಯಾಗ ನನ್ನ ಮಾನಾ ಕಳದೀಯಲ್ಲ ಬೇ," ಎಂದಳು.

"ಬೈರಿ ಅತ್ತಿ," ಎಂದೆ. "ಬೈಯಾಕ ನೀವು ಇದ್ದೀರಲ್ಲ." ಹಾಗೆನ್ನುತ್ತಲೇ ಅಳು ಬಂತು.