ಅತ್ತಿಗೆಯ ನಂಬರು

ನಮ್ಮ ಅತ್ತಿಗೆಗೆ ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ: ಒಂದು ಕಂಪ್ಯೂಟರಿನಲ್ಲಿ ನೋಡಿ ಇನ್ನೊಂದರಲ್ಲಿ ಟೈಪ್ ಮಾಡುವುದು. ನಾನು ಅದೇ ಆಸ್ಪತ್ರೆಯ ಔಷಧಿ ಕೌಂಟರಿನವನು, ಎಲ್ಲವನ್ನೂ ಕಣ್ಣಾರೆ ಕಂಡವನು. ನೋಂದಣಿಗೆ ಒಂದು ತಂತ್ರಾಂಶ, ಲ್ಯಾಬಿಗೆ ಇನ್ನೊಂದು, ವಾರ್ಡಿಗೆ ಮತ್ತೊಂದು, ನನ್ನ ಔಷಧಿಗೆ ಮಗದೊಂದು. ನಾಲ್ಕನ್ನೂ ನಾಲ್ಕು ಕಾಲದಲ್ಲಿ ನಾಲ್ವರು ನಿರ್ದೇಶಕರು ತಂದದ್ದು, ಒಂದಕ್ಕೊಂದು ಎಣ್ಣೆ-ಸೀಗೆಕಾಯಿ. ಅವುಗಳ ನಡುವೆ ಅತ್ತಿಗೆಯ ಕುರ್ಚಿ. ಅದರ ಒಂದು ಕಾಲು ಗಿಡ್ಡ, ಕೆಳಗೆ ಎಕ್ಸ್-ರೇ ಲಕೋಟೆ ಮಡಚಿ ಇಟ್ಟಿತ್ತು.

ಹೋದ ವರ್ಷ ಐದನೆಯ ನಿರ್ದೇಶಕರು ಬಂದರು. ತರಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ, ಇರುವ ನಾಲ್ಕನ್ನು ಒಂದಕ್ಕೊಂದು ಜೋಡಿಸುವ ತಂತ್ರಾಂಶ ತರಿಸಿದರು. ಅದು ಮುಕ್ತ ತಂತ್ರಾಂಶ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಲೋಕಕ್ಕೆಲ್ಲ ಹಂಚಬಹುದು. ನಿರ್ದೇಶಕರ ಕಿವಿಗೆ ಬಿದ್ದದ್ದು ಮಾತ್ರ ಪುಕ್ಕಟೆ ಎಂಬುದೊಂದೇ. ಮೂರು ತಿಂಗಳು ಅದು ಸರಿಯಾಗಿ ನಡೆದರೆ ಅತ್ತಿಗೆ ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಹೋಗಬೇಕೆಂದು ಆಜ್ಞೆಯಾಯಿತು. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು.

ಅತ್ತಿಗೆ ಯಾರ ಹತ್ತಿರವೂ ತಕರಾರು ಮಾಡಲಿಲ್ಲ. ನನಗೆ ಮಾತ್ರ ಒಮ್ಮೆ ಹೇಳಿದರು, "ಅಲ್ಲಿಗೆ ಯಾರೂ ಬರಲ್ಲ ಕಣೋ."

ಜೋಡಿಸುವವರು ಬಂದು ಕೇಳಿದರೆ ಎಲ್ಲವನ್ನೂ ಬರೆದುಕೊಡಬೇಡಿ, ಒಂದೆರಡು ಗುಟ್ಟು ಕೈಯಲ್ಲಿರಲಿ ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದೆ. ಜೋಡಿಸಲು ಬಂದ ಎಂಜಿನಿಯರ್, ನಲವತ್ತು ದಾಟಿದ ಸಾಧು ಮನುಷ್ಯ, ನಿಮ್ಮ ಕೆಲಸವನ್ನೆಲ್ಲ ಬರೆದುಕೊಡಿ ಎಂದಾಗ ಅತ್ತಿಗೆ ಒಂದೂವರೆ ಪುಟ ಬರೆದರು. ಕುರ್ಚಿ ಕಾಲಿನ ಲಕೋಟೆಯನ್ನೂ ಬಿಡಲಿಲ್ಲ. ಇಂಥವರನ್ನು ಇಟ್ಟುಕೊಂಡು ಯಾರ ಮೇಲೆ ಯುದ್ಧ ಮಾಡುವುದು?

ಜೋಡಣೆಯಾದ ಮೊದಲ ದಿನ ಬೆಳಿಗ್ಗೆ ನನ್ನ ಪರದೆಗೆ ಒಂದು ಚೀಟಿ ಬಂತು. ರೋಗಿ ಒಬ್ಬರೇ, ಔಷಧಿ ಅರವತ್ಮೂರು ಬಗೆ. ಒಂಬತ್ತು ಗಂಟೆಗೆ ರೋಗಿಯ ವಯಸ್ಸು ನಾಲ್ಕು, ಹನ್ನೊಂದಕ್ಕೆ ಎಂಬತ್ತೊಂದು. ಏಳು ತಿಂಗಳ ಗರ್ಭಿಣಿ; ಜೊತೆಗೆ ಪ್ರಾಸ್ಟೇಟ್ ತೊಂದರೆ. ಕೌಂಟರಿನಲ್ಲಿ ನಾನು ಬಹಳ ಕಂಡಿದ್ದೇನೆ, ಆದರೂ ಔಷಧಿ ಕೊಡಲಿಲ್ಲ. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎದುರಿನ ಮೇಜಿನಲ್ಲಿ ಅತ್ತಿಗೆ ಎತ್ತಿದರು.

"ಹಲೋ, ಯಾರನ್ನ ಕರೀಬೇಕು?"

ನಿರ್ದೇಶಕರು ಕೆಂಡಾಮಂಡಲವಾದರು. ನಾನೂರ ಹನ್ನೆರಡು ರೋಗಿಗಳಿಗೆ ಈ ಹೆಂಗಸಿನ ನಂಬರು ಹೇಗೆ ಬಂತು? ಹೊಸ ತಂತ್ರಾಂಶವು ನಂಬರು ಒಂದೇ ಎಂದರೆ ಮನುಷ್ಯರೂ ಒಬ್ಬರೇ ಎಂದು ಅಷ್ಟು ಜನರನ್ನೂ ಒಟ್ಟುಗೂಡಿಸಿಬಿಟ್ಟಿತ್ತು. ಅತ್ತಿಗೆ ನಿಧಾನಕ್ಕೆ ವಿವರಿಸಿದರು. ಫೋನಿನ ಜಾಗ ಖಾಲಿ ಬಿಟ್ಟರೆ ನೋಂದಣಿಯ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಫೋನ್ ಇಲ್ಲದವರು ಬಂದರೆ ಆ ಜಾಗಕ್ಕೆ ತಮ್ಮ ನಂಬರು ಹಾಕಲು ಅತ್ತಿಗೆಯೇ ನೋಂದಣಿಯವರಿಗೆ ಹೇಳಿದ್ದರು. ರಿಪೋರ್ಟ್ ಬಂದರೆ ಯಾವ ಬೀದಿಯ ಇಸ್ತ್ರಿಯವನಿಗೆ ಹೇಳಿದರೆ ಯಾರಿಗೆ ಸುದ್ದಿ ಮುಟ್ಟುತ್ತದೆ ಎಂಬುದು ಅವರಿಗೆ ಬಾಯಿಪಾಠ. ಊಟದ ನಡುವೆ ಫೋನ್ ಬಂದಾಗಲೆಲ್ಲ ನಮ್ಮಣ್ಣ, ನಿನ್ನ ಅತ್ತಿಗೆಗೆ ನೆಂಟರು ಜಾಸ್ತಿ ಎಂದು ಗೊಣಗುತ್ತಿದ್ದದ್ದು ಇದಕ್ಕೇ.

"ಇದನ್ನ ಯಾಕೆ ಬರೀಲಿಲ್ಲ ಮೇಡಂ?" ಎಂದು ಎಂಜಿನಿಯರ್ ಕೇಳಿದರು.

"ನೀವು ಕೆಲಸ ಬರೀರಿ ಅಂದ್ರಿ. ಇದು ಕೆಲಸ ಅಲ್ವಲ್ಲ."

ಎಂಜಿನಿಯರ್ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಂತ್ರಾಂಶದೊಳಗೆ ಒಂದು ಹೊಸ ಹೆಜ್ಜೆ ಬರೆದರು: ಈ ನಂಬರು ಕಂಡರೆ ಒಟ್ಟುಗೂಡಿಸಬೇಡ, ನಿಲ್ಲು, ಆ ನಂಬರಿಗೇ ಸಂದೇಶ ಕಳಿಸಿ ಈ ರೋಗಿ ಯಾರೆಂದು ಕೇಳು, ಉತ್ತರ ಬಂದ ಮೇಲೆ ಮುಂದಕ್ಕೆ ಹೋಗು. ನಾನು ಕರೆಯುವುದು ಕೇಳಿ ಕೇಳಿ ಅದಕ್ಕೆ 'ಅತ್ತಿಗೆ' ಎಂದೇ ಹೆಸರಿಟ್ಟರು. ಮುಕ್ತ ತಂತ್ರಾಂಶವಲ್ಲವೇ, ಬೇರೆಯವರಿಗೂ ಬೇಕಾಗಬಹುದೆಂದು ಅದನ್ನು ಎಲ್ಲರಿಗೂ ಸಿಗುವಲ್ಲಿ ಹಾಕಿದರು.

ಮೂರು ತಿಂಗಳು ಒಂದು ತಪ್ಪೂ ಆಗಲಿಲ್ಲ. ಉತ್ತರ ಕೊಡುತ್ತಿದ್ದವರು ಯಾರೆಂಬುದನ್ನು ಮರೆತ ನಿರ್ದೇಶಕರು, ನುಡಿದಂತೆ ನಡೆದು ಅತ್ತಿಗೆಯನ್ನು ನೆಲಮಾಳಿಗೆಗೆ ಕಳಿಸಿದರು. ಕುರ್ಚಿಯೂ ಇಳಿಯಿತು, ಲಕೋಟೆ ಮಾತ್ರ ಮೇಲೆಯೇ ಉಳಿಯಿತು.

ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ.

ಮರುದಿನ ಹತ್ತು ಗಂಟೆಗೆ ನನ್ನ ಕೌಂಟರಿನ ಸಾಲು ಗೇಟು ಮುಟ್ಟಿತು. ಎಲ್ಲ ಪರದೆಗಳ ಮೇಲೂ ಒಂದೇ ವಾಕ್ಯ: 'ಅತ್ತಿಗೆಯ ಉತ್ತರಕ್ಕೆ ಕಾಯಲಾಗುತ್ತಿದೆ.' ಮೂವತ್ತೇಳು ರೋಗಿಗಳು ನಿಂತಿದ್ದರು. ನಿರ್ದೇಶಕರು ಬಂದು ಓದಿ, ಯಾರ ಅತ್ತಿಗೆ ಎಂದು ಗುಡುಗಿದರು.

"ನಂದೇ ಸರ್," ಎಂದೆ.

ಹನ್ನೊಂದೂವರೆಗೆ ಕುರ್ಚಿ ಮೇಲೆ ಬಂತು. ನಾನೇ ಹೊತ್ತು ತಂದೆ. ಅಷ್ಟು ಖುಷಿಯಿಂದ ನಾನು ಯಾವ ಸಾಮಾನನ್ನೂ ಹೊತ್ತವನಲ್ಲ. ಲಕೋಟೆ ಇದ್ದ ಜಾಗದಲ್ಲೇ ಇತ್ತು.

ಯಾವುದೋ ಎರಡು ದೂರದ ಆಸ್ಪತ್ರೆಗಳೂ ಆ ಹೆಜ್ಜೆಯನ್ನು ಬಳಸುತ್ತಿವೆಯಂತೆ. ಹೆಸರು ಬದಲಿಸಿಲ್ಲ, ಅದರ ಅರ್ಥವೇನೆಂದು ಮಾತ್ರ ಪತ್ರ ಬರೆದು ಕೇಳಿದ್ದಾರಂತೆ. ಇದನ್ನು ಹೇಳಲು ಮೊನ್ನೆ ಬಂದ ಎಂಜಿನಿಯರ್, ಇನ್ನೆಂಟು ತಿಂಗಳಿಗೆ ಅತ್ತಿಗೆಯ ನಿವೃತ್ತಿಯಲ್ಲವೇ, ಆಮೇಲೆ ನಮ್ಮ ಆಸ್ಪತ್ರೆಯ ಆ ಹೆಜ್ಜೆಯಲ್ಲಿ ಯಾರ ನಂಬರು ಹಾಕಲಿ ಎಂದು ಕೇಳಿದರು.

ಅತ್ತಿಗೆ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. "ಅದೇ ಇರಲಿ ಬಿಡಿ. ಫೋನ್ ಇಲ್ಲದವರಿಗೆ ಬೇರೆ ಯಾವ ನಂಬರ್ ಇದೆ?"